ಗೇಟಿನ ಸಂದಿಯಲ್ಲಿ ನುಸುಳುವ ಪುಟ್ಟ ನಾಯಿಗಳಿಗೆ

ದೀಪಾವಳಿ ಹತ್ತಿರ ಬಂತು, ಪಟಾಕಿ ಸದ್ದಿಗೆ ಹೆದರಿ ನಾಯಿ ಓಡಿಹೋಗಬಹುದು, ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ಚಿಕ್ಕ ನಾಯಿ ಇರುವವರು ಒಮ್ಮೆ ನೆಲದ ಮೇಲೆ ಕೂತು ನಿಮ್ಮ ಗೇಟನ್ನು ಅದರ ಎತ್ತರದಿಂದ ನೋಡಿ. ತಲೆ ತೂರಿದರೆ ಸಾಮಾನ್ಯವಾಗಿ ಮೈಯೂ ತೂರುತ್ತದೆ. ನಮ್ಮ ಪೊಮೆರೇನಿಯನ್ ಗೇಟಿನ ಅಡಿಯಲ್ಲಿ, ಮಳೆನೀರು ಹರಿಯಲು ಬಿಟ್ಟ ಜಾಗದಲ್ಲಿ ಹೊಟ್ಟೆ ನೆಲಕ್ಕೆ ಒತ್ತಿಕೊಂಡು ಆಚೆ ಹೋಗಿತ್ತು. ಕೆಳಗಿನ ಸರಳಿಗೆ ಸಿಕ್ಕಿಕೊಂಡ ಬಿಳಿ ಕೂದಲು ನೋಡಿದ ಮೇಲೇ ದಾರಿ ಗೊತ್ತಾಗಿದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡ್ ಮೆಷ್ (ಬೆಸುಗೆ ಹಾಕಿದ ತಂತಿ ಜಾಲರಿ) ತಂದು ಗೇಟಿನ ಕೆಳಗಿನ 2 ಅಡಿಗೆ ಬೈಂಡಿಂಗ್ ವೈರ್‌ನಿಂದ ಕಟ್ಟಿ, ನೆಲಕ್ಕೆ ಒಂದು ಬೆರಳಷ್ಟೇ ಸಂದಿ ಉಳಿಯಲಿ. ತಂತಿಯ ಚೂಪು ತುದಿ ಮಡಚಿಬಿಡಿ. ಮಣ್ಣು ಕೆರೆಯುವ ನಾಯಿಯಾದರೆ ಕಾಂಪೌಂಡ್ ಬುಡಕ್ಕೆ ಕಲ್ಲು ಚಪ್ಪಡಿ ಹಾಕಿ.

ಜಾಸ್ತಿ ತಪ್ಪಿಸಿಕೊಳ್ಳುವುದು ಕೊರಿಯರ್‌ನವರು ಬಂದಾಗ, ಅಲ್ವಾ? ಬೆಲ್ ಆದ ಕೂಡಲೇ ನಾಯಿಯನ್ನು ರೂಮಿಗೆ ಬಿಟ್ಟು ಆಮೇಲೆ ಬಾಗಿಲು ತೆಗೆಯಿರಿ. ಪಟಾಕಿ ದಿನಗಳಲ್ಲಿ ಕತ್ತಲಾಗುವ ಮುಂಚೆಯೇ ವಾಕಿಂಗ್ ಮುಗಿಸಿ. ಕುತ್ತಿಗೆಪಟ್ಟಿಯಲ್ಲಿ ಫೋನ್ ನಂಬರ್ ಇರಲೇಬೇಕು.

ಓಡಿಹೋದರೆ ಅಟ್ಟಿಸಿಕೊಂಡು ಹೋಗಬೇಡಿ, ಆಟ ಅಂದುಕೊಂಡು ಇನ್ನೂ ಓಡುತ್ತದೆ. ಕುಕ್ಕರುಗಾಲಲ್ಲಿ ಕೂತು, ಬಿಸ್ಕತ್ ಪ್ಯಾಕೆಟ್ ಸದ್ದು ಮಾಡಿ, ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಬಂದಾಗ ಬೈಯಬೇಡಿ, ಪ್ಲೀಸ್.