ಮಲ್ಪೆಯ ಬಂಗುಡೆಯಿಂದ ಅಂಗಾಂಶದ ಪಾಠ: ನನ್ನ ಅನುಭವ

ಉಡುಪಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಜೀವಶಾಸ್ತ್ರ ಕಲಿಸತೊಡಗಿದ ಮೊದಲ ಮೂರು ವರ್ಷ ನಾನು ಪ್ರಾಣಿ ಅಂಗಾಂಶಗಳನ್ನು (ಒಂದೇ ಕೆಲಸಕ್ಕೆ ಒಗ್ಗೂಡಿದ ಕೋಶಗಳ ಗುಂಪುಗಳನ್ನು) ಅನುಲೇಪಕ (ಹೊದಿಕೆಯಾಗುವ), ಸಂಯೋಜಕ (ಜೋಡಿಸಿ ಆಧಾರ ಕೊಡುವ), ಸ್ನಾಯು, ನರ ಎಂದು ಬೋರ್ಡಿನ ಮೇಲೆ ಕೋಷ್ಟಕ ಬರೆದು ಮುಗಿಸುತ್ತಿದ್ದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಿದ್ದರು. ಆದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜು ಯಾವ ಗುಂಪಿನದು ಎಂದು ಕೇಳಿದರೆ, ಹೆಸರಿನಲ್ಲೇ ಸ್ನಾಯು ಇದೆಯಲ್ಲ ಎಂದು ಅದನ್ನು ಸ್ನಾಯು ಅಂಗಾಂಶಕ್ಕೆ ಸೇರಿಸಿಬಿಡುತ್ತಿದ್ದರು.

ನಾಲ್ಕನೆಯ ವರ್ಷ ಕೋಳಿ ಅಂಗಡಿಯಿಂದ ತೊಳೆದ ಕೋಳಿಕಾಲುಗಳನ್ನು ತಂದೆ. ಕತ್ತರಿಸಿದ ತುದಿಯಲ್ಲಿ ಕಾಣುವ ಬಿಳಿಯ ಹುರಿಯನ್ನು ಚಿಮ್ಮಟದಲ್ಲಿ ಹಿಡಿದು ಎಳೆದಾಗ ಬೆರಳುಗಳು ಮಡಚಿಕೊಂಡವು. "ಟೀಚರ್, ಇದರಲ್ಲಿ ಮಾಂಸವೇ ಇಲ್ಲವಲ್ಲ, ಬೆರಳು ಹೇಗೆ ಮಡಚಿತು?" ಎಂದು ಹುಡುಗಿಯೊಬ್ಬಳು ಕೇಳಿದಳು. ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು. ಸಂಕುಚಿಸುವ ಸ್ನಾಯು ಮೇಲಿನ ತುಂಡಿನೊಂದಿಗೆ ಅಂಗಡಿಯಲ್ಲೇ ಉಳಿದಿತ್ತು. ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳಿಂದಾದ ಆ ಹುರಿಯೇ ಸ್ನಾಯುರಜ್ಜು. ಅದು ತಾನಾಗಿ ಸಂಕುಚಿಸದೆ, ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವುದಷ್ಟೇ ಅದರ ಕೆಲಸವಾದ್ದರಿಂದ ಅದು ಸಂಯೋಜಕ ಅಂಗಾಂಶ.

ಸ್ನಾಯುವಿಗೆ ಬಂಗುಡೆಗಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಚರ್ಮ ಸುಲಿದರೆ ಪಕ್ಕೆಯ ಉದ್ದಕ್ಕೂ ಕಡುಗೆಂಪು ಪಟ್ಟಿಯೊಂದು ಕಾಣುತ್ತದೆ. ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಹೆಚ್ಚಿರುವ ಆ ಸ್ನಾಯು ಆಮ್ಲಜನಕವನ್ನು ಬಳಸಿಕೊಂಡು ದಣಿಯದೆ ಈಜಿಸುತ್ತದೆ, ಸುತ್ತಲಿನ ಬಿಳಿಚಿದ ಭಾಗ ಫಕ್ಕನೆ ನುಗ್ಗುವಾಗ ಒದಗುತ್ತದೆ. ಬೇಯಿಸಿದ ಮೀನು ಪದರ ಪದರವಾಗಿ ಬಿಡಿಸಿಕೊಳ್ಳುವುದು ಈ ಮಕ್ಕಳೆಲ್ಲ ಊಟದಲ್ಲಿ ದಿನವೂ ನೋಡುವ ಸಂಗತಿ. ಸ್ನಾಯುಖಂಡಗಳ ನಡುವಿನ ತೆಳುವಾದ ಸಂಯೋಜಕ ಪೊರೆಯ ಕೊಲಾಜೆನ್ ಬಿಸಿಗೆ ಕರಗುವುದೇ ಅದಕ್ಕೆ ಕಾರಣ. ಒಂದು ಎಳೆಯನ್ನು ಸೂಜಿಯಿಂದ ಬಿಡಿಸಿ, ಮೆಥಿಲೀನ್ ಬ್ಲೂ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದಾಗಿಸಿ ನೋಡಿದರೆ ಅಡ್ಡಪಟ್ಟೆಗಳು ಕಾಣುತ್ತವೆ. ಮೊದಲ ಸಲ ನಾನು ಬಣ್ಣವನ್ನು ಧಾರಾಳವಾಗಿ ಸುರಿದು, ಇಡೀ ಸ್ಲೈಡು ನೀಲಿಯಾಗಿ, ಒಂದು ಪೀರಿಯಡ್ ವ್ಯರ್ಥವಾಯಿತು. ಈಗ ಒಂದೇ ಹನಿ ಹಾಕಿ, ಹೆಚ್ಚಾದದ್ದನ್ನು ನೀರಿನಿಂದ ತೊಳೆಯುತ್ತೇನೆ.

ಈ ಪಾಠವನ್ನು ನಾನು ಆಗಸ್ಟ್‌ಗೆ ಮುಂದೂಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ; ಆಗ ಸಿಗುವ ಹೆಪ್ಪುಗಟ್ಟಿಸಿದ ಮೀನಿನಲ್ಲಿ ಮಂಜಿನ ಹರಳುಗಳು ಎಳೆಗಳನ್ನು ಹರಿದಿರುತ್ತವೆ. ತೊರಕೆ ಮೀನು ಸಿಕ್ಕಿದರೆ ಅದರ ಒಂದು ತುಂಡನ್ನೂ ತರುತ್ತೇನೆ, ಏಕೆಂದರೆ ಅದರ ಅಸ್ಥಿಪಂಜರವೆಲ್ಲ ಮೃದ್ವಸ್ಥಿ, ಅಂದರೆ ಬಾಗುವ ಮೆತ್ತನೆಯ ಎಲುಬು. ಬಂಗುಡೆಯ ಮುಳ್ಳಿನ ಪಕ್ಕದಲ್ಲಿಟ್ಟು ಬಗ್ಗಿಸಿ ನೋಡಿದ ಮಕ್ಕಳಿಗೆ ವ್ಯತ್ಯಾಸವನ್ನು ಬಾಯಲ್ಲಿ ಹೇಳಬೇಕಾಗುವುದಿಲ್ಲ.

ಮೀನು ಮುಟ್ಟದ ಮಕ್ಕಳೂ ತರಗತಿಯಲ್ಲಿ ಇರುತ್ತಾರೆ. ಅನುಲೇಪಕ ಅಂಗಾಂಶದ ಹೊಣೆ ಅವರದ್ದು: ಬಾಯಿ ಮುಕ್ಕಳಿಸಿ, ಕೆನ್ನೆಯ ಒಳಭಾಗವನ್ನು ಹಲ್ಲುಕಡ್ಡಿಯ ಮೊಂಡು ತುದಿಯಿಂದ ಮೆಲ್ಲನೆ ಕೆರೆದರೆ, ಹಂಚಿನಂತೆ ಚಪ್ಪಟೆಯಾದ ಕೋಶಗಳು ಕೋಶಕೇಂದ್ರ ಸಹಿತ ಸ್ಪಷ್ಟವಾಗಿ ಕಾಣುತ್ತವೆ. ನರ ಅಂಗಾಂಶಕ್ಕೆ ಮಾತ್ರ ನಾನು ಕೊಂಡು ತಂದ ಸಿದ್ಧ ಸ್ಲೈಡನ್ನೇ ಇಂದಿಗೂ ಬಳಸುತ್ತಿದ್ದೇನೆ.