ನನ್ನ ಅನುಭವ: ಓದು, ಸಾವು ಮತ್ತು ಚೆದುರಿದ ಚುಕ್ಕಿಗಳು

ಯೂರೋಪಿನ ದೇಶಗಳಲ್ಲಿ ಓದಿಗೂ ಸಾವಿಗೂ ಇರುವ ನಂಟನ್ನು ನಾನೇ ಲೆಕ್ಕ ಹಾಕಿ ನೋಡಬೇಕು ಅಂತ ಕೂತೆ. ಮೊದಲ ಟೇಬಲ್ ಪೂರ್ತಿ ತಪ್ಪಾಯಿತು. ಸ್ವೀಡನ್‌ನಲ್ಲೂ ಕಡಿಮೆ ಓದಿದವರ ಸಾವು ವಿಪರೀತ ಜಾಸ್ತಿ ಕಂಡಿತು.

ಆಗ ನೆನಪಾದದ್ದು ನಮ್ಮಜ್ಜಿ. ಓದಿದ್ದು ಎರಡನೇ ಕ್ಲಾಸು, ಬದುಕಿದ್ದು 86 ವರ್ಷ. ಹಳೆಯ ತಲೆಮಾರಿನವರು ಓದಿದ್ದೇ ಕಡಿಮೆ ಅಲ್ವಾ? ನನ್ನ ಟೇಬಲ್ಲಿನಲ್ಲಿ ಅಂಥವರ ಮುಪ್ಪಿನ ಸಾವೆಲ್ಲ ಓದಿಲ್ಲದವರ ಖಾತೆಗೆ ಸೇರಿತ್ತು. ಅದಕ್ಕೇ ಓದು ಮುಗಿಸಿರುವ, 30 ದಾಟಿದವರನ್ನು ಮಾತ್ರ ತೆಗೆದುಕೊಂಡೆ. ಐದೈದು ವರ್ಷದ ಗುಂಪು ಮಾಡಿ, ಎಲ್ಲ ದೇಶದಲ್ಲೂ, ಓದಿದವರಲ್ಲೂ ಓದದವರಲ್ಲೂ ಒಂದೊಂದು ವಯಸ್ಸಿನವರು ಅಷ್ಟಷ್ಟೇ ಇದ್ದಾರೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಅಂತರ ಇಳಿಯಿತು, ಆದರೆ ಹೋಗಲಿಲ್ಲ.

ಮುಂದಿನ ಹೆಜ್ಜೆಯೇ ನನಗೆ ಮುಖ್ಯ. ಸುಮ್ನೆ ಒಂದು ಉದಾಹರಣೆ ಇಟ್ಟುಕೊಳ್ಳಿ. ಒಂದು ದೇಶದಲ್ಲಿ ನೂರಕ್ಕೆ 40 ಜನ ಕಡಿಮೆ ಓದಿದವರು, ಅವರಲ್ಲಿ ವರ್ಷಕ್ಕೆ ಸಾವಿರಕ್ಕೆ 20 ಸಾವು. ಉಳಿದವರಲ್ಲಿ 8. ಒಟ್ಟು 12.8. ಇನ್ನೊಂದು ದೇಶದಲ್ಲಿ ಕಡಿಮೆ ಓದಿದವರು 20 ಜನ, ಅವರಲ್ಲಿ ಸಾವು 12, ಉಳಿದವರಲ್ಲಿ ಅದೇ 8. ಒಟ್ಟು 8.8. ಈ 4ರ ಅಂತರದಲ್ಲಿ ಓದಿದವರು ಜಾಸ್ತಿ ಇರುವುದರ ಪಾಲೆಷ್ಟು, ಓದದವರೂ ಅಲ್ಲಿ ಹೆಚ್ಚು ಕಾಲ ಬದುಕುವುದರ ಪಾಲೆಷ್ಟು? ಮೊದಲು ಯಾವುದನ್ನು ಬದಲಿಸುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಎರಡೂ ಕಡೆಯಿಂದ ಮಾಡಿ ಸರಾಸರಿ ತೆಗೆದರೆ ಮೊದಲನೆಯದರ ಪಾಲು 1.6, ಎರಡನೆಯದರದ್ದು 2.4. ಈ ದಾರಿಯನ್ನು 1955ರಲ್ಲಿ ತೋರಿಸಿದವರು ಅಮೆರಿಕದ ಜನಸಂಖ್ಯಾ ತಜ್ಞೆ ಎವೆಲಿನ್ ಕಿಟಗಾವಾ. 1960ರ ಅಮೆರಿಕದ ಸಾವಿನ ದಾಖಲೆಗಳನ್ನು ಜನಗಣತಿಯ ಹಾಳೆಗಳ ಜೊತೆ ಹೊಂದಿಸಿ, ಓದಿಗೆ ತಕ್ಕಂತೆ ಸಾವು ಬದಲಾಗುವುದನ್ನು ತೋರಿಸಿದವರಲ್ಲೂ ಅವರೊಬ್ಬರು. ಕಂಪ್ಯೂಟರ್‌ಗಳ ಆ ಎಳೆಯ ಕಾಲದಲ್ಲಿ ಅದೆಂಥ ದುಡಿಮೆ! ಅವರ ಬಗ್ಗೆ ನನಗೆ ತುಂಬ ಗೌರವ.

ಹೀಗೆ ಹೊಂದಿಸುವುದು ಬಹಳ ಮುಖ್ಯ. ಸ್ವೀಡನ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರ್ ಇದೆ, ಅದರಿಂದ ಓದಿನ ದಾಖಲೆಯೂ ಸಾವಿನ ದಾಖಲೆಯೂ ಒಂದೇ ವ್ಯಕ್ತಿಗೆ ಸೇರುತ್ತವೆ. ಅಂಥ ಜೋಡಣೆ ಇಲ್ಲದ ಕಡೆ ಸತ್ತವರ ಓದನ್ನು ಮನೆಯವರು ಹೇಳಬೇಕು. ದುಃಖದಲ್ಲಿರುವವರು ಒಂದೆರಡು ಕ್ಲಾಸು ಹೆಚ್ಚುಕಡಿಮೆ ಹೇಳಿದರೆ ಸಹಜ. ಆದರೆ ಲೆಕ್ಕ ಅಷ್ಟಕ್ಕೇ ವಾಲುತ್ತದೆ.

ಕೊನೆಗೆ ಯೂರೋಪ್ ಒಕ್ಕೂಟದ ಅಂಕಿಅಂಶ ಕಚೇರಿಯಾದ ಯೂರೋಸ್ಟಾಟ್‌ನ ಆಯಸ್ಸಿನ ಅಂಕಿಗಳನ್ನು ಗ್ರಾಫಿಗೆ ಹಾಕಿದೆ. ಒಂದು ದೇಶಕ್ಕೆ ಎರಡು ಚುಕ್ಕಿ: ಹೆಚ್ಚು ಓದಿದ ಗಂಡಸರದ್ದು, ಕಡಿಮೆ ಓದಿದವರದ್ದು. ಮೇಲಿನ ಚುಕ್ಕಿಗಳು ಹೆಚ್ಚುಕಡಿಮೆ ಒತ್ತಾಗಿ ಕೂತವು. ಕೆಳಗಿನವು ಚೆದುರಿದವು. ಹಂಗೆರಿ, ಎಸ್ಟೋನಿಯಾದಲ್ಲಿ ಎರಡು ಚುಕ್ಕಿಗಳ ನಡುವೆ 10 ವರ್ಷಕ್ಕೂ ಜಾಸ್ತಿ ಅಂತರ. ಸ್ವೀಡನ್, ಇಟಲಿಯಲ್ಲಿ ಸುಮಾರು ಅದರರ್ಧ. 22 ಯೂರೋಪಿಯನ್ ದೇಶಗಳನ್ನು ಹೋಲಿಸಿ 2008ರಲ್ಲಿ ಬಂದ ಅಧ್ಯಯನವೂ ಹೀಗೇ ಹೇಳಿತ್ತು: ಅಂತರ ದಕ್ಷಿಣದಲ್ಲಿ ಸಣ್ಣದು, ಪೂರ್ವದಲ್ಲಿ ದೊಡ್ಡದು. ಬೀಡಿ ಸಿಗರೇಟು, ಕುಡಿತ, ಸಮಯಕ್ಕೆ ಸಿಗದ ಚಿಕಿತ್ಸೆ, ಕಾರಣಗಳೂ ಅಲ್ಲೇ ಇದ್ದವು.

ಇಟಲಿಯಲ್ಲೂ ಹೆಚ್ಚು ಓದದ ಗಂಡಸರಿದ್ದಾರೆ. ಅವರು ಹಂಗೆರಿಯಲ್ಲಿ ಅಷ್ಟೇ ಓದಿದವರಿಗಿಂತ ಎಷ್ಟೋ ವರ್ಷ ಜಾಸ್ತಿ ಬದುಕುತ್ತಾರೆ. ಈಗ ನಾನು ಆ ಎರಡು ಸಾಲುಗಳನ್ನಷ್ಟೇ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಕಾಯಿಲೆಯಾಗಿ ಬಿಡಿಸುತ್ತಿದ್ದೇನೆ. ಮೊದಲು ಹೃದಯದ ಕಾಯಿಲೆ.