ತೋಟದ ಮನೆಗೆ ಫೈಬರ್ ಎಳೆದ ನನ್ನ ಅನುಭವ

ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದ ನಡುವೆ ಒಂದು ಮನೆ. ರಸ್ತೆ ಬದಿಯ ಬಾಕ್ಸಿನಿಂದ ಸುಮಾರು 300 ಮೀಟರ್. ಒಂದೇ ಫೈಬರಿನಲ್ಲಿ, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಯಲ್ಲಿ, ಟಿವಿ, ನೆಟ್ ಎರಡೂ ಕೊಡಬೇಕಿತ್ತು. ಸಂಜೆಗೆ ಕೆಲಸ ಮುಗಿಯಿತು. ನೆಟ್ ಬಾಕ್ಸಿನ ಹಸಿರು ದೀಪ ಉರಿಯಿತು, ನೆಟ್ ಬಂತು, ಹೊರಟೆ. ಬೆಳಿಗ್ಗೆ ಆ ಮನೆಯ ಅಕ್ಕನ ಫೋನ್. "ನೆಟ್ ಚೆನ್ನಾಗಿದೆ, ಟಿವಿ ಮಾತ್ರ ಒಡೆದೊಡೆದು ಬರ್ತಿದೆ."

ಹೋಗಿ ಸೆಟ್ ಟಾಪ್ ಬಾಕ್ಸ್ ಬದಲಿಸಿದೆ. ಸರಿಹೋಗಲಿಲ್ಲ. ಆಮೇಲೆ ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರ್ ಹಾಕಿದೆ. ಅದನ್ನು ಹಿಂದಿನ ದಿನವೇ ಮಾಡಬೇಕಿತ್ತು.

ನೆಟ್ ಮನೆಗೆ ಬರುವುದು 1490 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ, ಮನೆಯಿಂದ ಹೋಗುವುದು 1310ರಲ್ಲಿ, ಟಿವಿ ಬರುವುದು 1550ರಲ್ಲಿ. ದಾರಿಯಲ್ಲಿ ಬೆಳಕು ಎಷ್ಟು ಕುಂದಿತು ಅನ್ನುವುದನ್ನು ಡಿಬಿಯಲ್ಲಿ (ಡೆಸಿಬೆಲ್) ಅಳೆಯುತ್ತೇವೆ. ಇಷ್ಟು ದೂರಕ್ಕೆ ಕನೆಕ್ಟರ್ ಸೇರಿಸಿದರೂ 1 ಡಿಬಿಗಿಂತ ಜಾಸ್ತಿ ಹೋಗಬಾರದು. 1490ರಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಹೋಗಿತ್ತು. 1550ರಲ್ಲಿ ಮಾತ್ರ 5 ಡಿಬಿ ಹೋಗಿತ್ತು! ಹುಡುಕಿದರೆ ಕಿಟಕಿಯ ಮೂಲೆಯಲ್ಲಿ ನಾನೇ ಕೇಬಲ್ ಮಡಚಿ ಬಿಗಿಯಾಗಿ ಕ್ಲಿಪ್ ಹೊಡೆದಿದ್ದೆ. ಮಡಚಿದ ಕಡೆ 1550ರ ಬೆಳಕು ಜಾಸ್ತಿ ಸೋರುತ್ತದೆ. ಮೇಲಾಗಿ ಟಿವಿಗೆ ನೆಟ್‌ಗಿಂತ ಜಾಸ್ತಿ ಬೆಳಕು ಬೇಕು. ಅದಕ್ಕೇ ಮೊದಲು ಕೆಡುವುದು ಟಿವಿ. ಕ್ಲಿಪ್ ಕಿತ್ತು, ಕೇಬಲನ್ನು ದುಂಡಗೆ ತಿರುಗಿಸಿದೆ. ಚಿತ್ರ ಒಡೆಯುವುದು ನಿಂತಿತು. ಈಗ ಮೀಟರ್ ನೋಡದೆ ಯಾವ ಮನೆಯಿಂದಲೂ ಹೊರಡುವುದಿಲ್ಲ.

ತೋಟದೊಳಗೆ ಲೈನ್ ಎಳೆಯುವುದು ಬೇರೆಯೇ ಕೆಲಸ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ನಾನು ಕೇಬಲ್ ಕಟ್ಟುವುದಿಲ್ಲ. ಕೊಯ್ಲಿನವರು ಏಣಿ ಇಡುವುದು ಅಲ್ಲೇ ಅಲ್ವಾ? ಎಲ್ಲಿ ಏಣಿ ಬರುತ್ತದೆ, ಎಲ್ಲಿ ಕೊಂಬೆ ಕಡಿಯುತ್ತಾರೆ ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಮೊದಲೇ ಕೇಳಿಬಿಡುತ್ತೇನೆ.

ಇನ್ನೊಂದು, ಸಿಡಿಲು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಅದರ ಜೊತೆಗಿರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಆ ತಂತಿಯನ್ನು ಗೋಡೆಯ ಹೊರಗೇ ಹುಕ್ಕಿಗೆ ಕಟ್ಟಿ ಕತ್ತರಿಸುತ್ತೇನೆ, ಒಳಗೆ ಫೈಬರ್ ಮಾತ್ರ ತರುತ್ತೇನೆ. ನೆಟ್ ಬಾಕ್ಸಿನ ಅಡಾಪ್ಟರಿನ ಪ್ಲಗ್ ಕಿತ್ತಿಡುವುದು ಮನೆಯವರ ಕೆಲಸ. ಗುಡುಗು ಶುರುವಾಗುವ ಮೊದಲೇ ಕಿತ್ತಿಡಿ ಅಂತ ಎಲ್ಲರಿಗೂ ಹೇಳಿ ಬರುತ್ತೇನೆ.

ಅಕ್ಕನ ಮನೆಯ ಸೂರಿನಡಿ 10 ಮೀಟರ್ ಕೇಬಲ್ ಸುರುಳಿ ಸುತ್ತಿ ಬಿಟ್ಟಿದ್ದೆ. ಮಳೆಗಾಲಕ್ಕೆ ಮುಂಚೆ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಮಾಡುವಾಗ ಕೊಂಬೆ ಬಿದ್ದು, ಮನೆ ಹತ್ತಿರವೇ ಲೈನ್ ತುಂಡಾಯಿತು. ಆ ಸುರುಳಿ ಬಿಚ್ಚಿ ಎಳೆದು ಒಂದೇ ಜಾಯಿಂಟ್ ಹಾಕಿದೆ. ಸಂಜೆಯೊಳಗೆ ಟಿವಿ ಬಂತು.